‘ಹೂದೋಟ ಸುತ್ತಿಸುವುದು’: ಕನ್ನಡದಲ್ಲಿ ಇದಕ್ಕೆ ಏನಂತೀರಿ?

ಗೆಳೆಯರೇ,

ದಕ್ಷಿಣ ಚೀನಾ ಕಡೆಯ ಕ್ಯಾಂಟೊನೀಸ್ ಮಾತಿನಲ್ಲಿ ‘ದಾಯ್ ಯಾನ್ ಯೌ ಫಾ ಯೂನ್’ ಅಂತ ಒಂದು ನುಡಿಗಟ್ಟಿದೆ. ಪದಕ್ಕೆ ಪದ ಇಟ್ಟರೆ ‘ಒಬ್ಬರನ್ನು ಹೂದೋಟ ಸುತ್ತಿಸುವುದು’. ಕೇಳೋಕೆ ಚೆಂದ, ಅಲ್ವಾ? ಆದರೆ ಹಾಂಗ್‌ಕಾಂಗಿನಲ್ಲಿ ಇದು ದೂರುವ ಮಾತು. ಬೇಕಂತಲೇ ಮಾತು ಸುತ್ತಿಸಿ, ಎದುರಿನವರ ತಲೆ ಕೆಡಿಸಿ, ಅಸಲು ವಿಷಯ ಮುಟ್ಟದ ಹಾಗೆ ನೋಡಿಕೊಳ್ಳುವುದು ಅಂತ ಅರ್ಥ. ‘ದುಡ್ಡು ಯಾವಾಗ ವಾಪಸ್ ಕೊಡ್ತೀರಿ?’ ಅಂದರೆ ಅಂಗಡಿಯವನು ನಿಯಮ, ಮೇಲಿನವರ ಒಪ್ಪಿಗೆ, ಇನ್ನೊಂದು ಫಾರಂ ಅಂತ ಶುರು ಮಾಡಿದ ಅಂತಿಟ್ಟುಕೊಳ್ಳಿ. ಆಗ ಗಿರಾಕಿ ಹೇಳುವುದು: ‘ಮ್ ಹೋ ದಾಯ್ ಙೋ ಯೌ ಫಾ ಯೂನ್!’ ನನಗೆ ತೋಟ ಸುತ್ತಿಸಬೇಡ!

ಆ ಕಡೆಯ ಹಳೇ ತೋಟಗಳನ್ನು ನೋಡಿದರೆ ಈ ಮಾತು ಬೇಗ ತಲೆಗೆ ಹೋಗುತ್ತದೆ. ದಕ್ಷಿಣ ಚೀನಾದ ಗುವಾಂಗ್‌ಝೌ ನಗರದ ಪಾನ್ಯೂ ಭಾಗದಲ್ಲಿ 19ನೇ ಶತಮಾನದ ಯುಯಿನ್ ಶಾನ್‌ಫಾಂಗ್ ಅನ್ನೋ ತೋಟ ಇದೆ. ಜಾಗ ಸಣ್ಣದು. ಆದರೆ ಗೋಡೆ, ಬಂಡೆ, ಬಿದಿರು ಅಡ್ಡ ಇಟ್ಟು ಒಂದೇ ನೋಟಕ್ಕೆ ಎಲ್ಲ ಕಾಣದ ಹಾಗೆ ಕಟ್ಟಿದ್ದಾರೆ. ನಡುವೆ ಮಾಡು ಹೊದಿಸಿದ ಸೇತುವೆ, ಒಂದು ಕಡೆ ಚೌಕದ ಕೊಳ, ಇನ್ನೊಂದು ಕಡೆ ಎಂಟು ಮೂಲೆಯ ಕೊಳ. ತುಂಬಾ ದೂರ ನಡೆದೆವು ಅನ್ನಿಸುತ್ತದೆ, ಇರುವುದು ಮಾತ್ರ ಅದೇ ಕೊಳದ ಆಚೆ ದಡದಲ್ಲಿ.

ಬರಹದ ಚೀನೀ ಭಾಷೆಯಲ್ಲಿ ‘ಗು ನೊಂಗ್ ಶ್ವೆನ್ ಶ್ಯು’ ಅಂತಲೂ ಇದೆ. ಅದು ಇಲ್ಲದ ಗುಟ್ಟು ಇದೆ ಅನ್ನೋ ಹಾಗೆ ನಟಿಸುವುದು. ಸ್ವಲ್ಪ ಪುಸ್ತಕದ ಮಾತು, ಬೀದಿ ಜಗಳಕ್ಕೆ ಅಷ್ಟು ಒಗ್ಗದು.

ಈಗ ಪ್ರಶ್ನೆ. ಕನ್ನಡದಲ್ಲಿ ಯಾವುದನ್ನು ಹಾಕೋಣ? ‘ಕಿವಿಗೆ ಹೂವಿಡು’ ಮೊದಲು ನೆನಪಾಯಿತು. ಇಲ್ಲೂ ಹೂವು, ಅಲ್ಲೂ ಹೂವು! ಆದರೆ ಅದರಲ್ಲಿ ಇರುವುದು ನೇರ ಸುಳ್ಳು, ಸುತ್ತಾಟ ಇಲ್ಲ. ‘ಮಂಕುಬೂದಿ ಎರಚು’ ಅಂದರೆ ಎದುರಿನವನಿಗೆ ಏನೂ ಗೊತ್ತಾಗದು. ತೋಟದ ಮಾತಿನಲ್ಲಿ ಅವನಿಗೆ ಗೊತ್ತಾಗಿಯೇ ಸಿಟ್ಟು ಬಂದಿರುತ್ತದೆ. ‘ಚಳ್ಳೆಹಣ್ಣು ತಿನ್ನಿಸು’ ಅಂದರೆ ತಪ್ಪಿಸಿಕೊಂಡು ಓಡಿದ ಹಾಗೆ. ತೋಟ ಸುತ್ತಿಸುವವನು ಓಡುವುದಿಲ್ಲ, ಜೊತೆಯಲ್ಲೇ ನಗುತ್ತಾ ನಡೆಯುತ್ತಾನೆ. ‘ಸುತ್ತಿ ಬಳಸಿ ಮಾತಾಡು’ ಅಂದರೆ ಸುತ್ತು ಬಂತು, ಕಪಟ ಹೋಯಿತು. ನಾಚಿಕೆ ಸ್ವಭಾವದವರೂ ಹಾಗೆ ಮಾತಾಡುತ್ತಾರೆ.

ಸದ್ಯಕ್ಕೆ ‘ಊರೆಲ್ಲ ಸುತ್ತಿಸಬೇಡ, ವಿಷಯ ಹೇಳು’ ಅಂತ ಬರೆದಿಟ್ಟಿದ್ದೇನೆ. ಆಡುಮಾತಿಗೆ ಪರವಾಗಿಲ್ಲ, ಆದರೂ ಒಂದು ಚೂರು ಸಪ್ಪೆ. ಧಾರವಾಡ, ಮಂಗಳೂರು, ಕಲಬುರಗಿ ಕಡೆಯವರು ಇದಕ್ಕೆ ಏನಂತೀರಿ? ಒಂದು ಪೂರ್ತಿ ವಾಕ್ಯದಲ್ಲಿ ಬಳಸಿ ಬರೆದರೆ ಜಾಸ್ತಿ ಉಪಯೋಗ.