ಮ್ಯಾಗ್‌ಸಲ್ಫ್ ಹೋಗಿರುವ ಪ್ರಿಎಕ್ಲಾಂಪ್ಸಿಯಾ ತಾಯಿಗೆ ಸಿಸೇರಿಯನ್: ಸ್ಪೈನಲ್ (ಬೆನ್ನಿಗೆ ಚುಚ್ಚುವ ಅರಿವಳಿಕೆ) ಕೊಡಬಹುದೇ?

ಪ್ರಶ್ನೆ: ಅರಿವಳಿಕೆ ಪಿಜಿ (ಸ್ನಾತಕೋತ್ತರ ವಿದ್ಯಾರ್ಥಿ), ಬೆಂಗಳೂರು
ಹೀಗೊಂದು ಕೇಸು ಅಂದುಕೊಳ್ಳಿ. 34 ವಾರದ ಗರ್ಭಿಣಿ, ಪ್ರಿಎಕ್ಲಾಂಪ್ಸಿಯಾ (ಗರ್ಭಿಣಿಯರ ಅಧಿಕ ರಕ್ತದೊತ್ತಡದ ಕಾಯಿಲೆ), ಬಿ.ಪಿ. 170/112, ತಲೆನೋವು, ಕಣ್ಣು ಮಂಜು. ತಾಲ್ಲೂಕು ಆಸ್ಪತ್ರೆಯಿಂದ 108ರಲ್ಲಿ ಬೆಂಗಳೂರಿಗೆ ಬಂದಿದ್ದಾರೆ. ರೆಫರಲ್ ಚೀಟಿಯಲ್ಲಿ ‘ಮ್ಯಾಗ್‌ಸಲ್ಫ್ ಕೊಟ್ಟಿದೆ’ (ಫಿಟ್ಸ್ ತಡೆಯುವ ಮೆಗ್ನೀಷಿಯಂ ಸಲ್ಫೇಟ್) ಅಂತಷ್ಟೇ ಇದೆ. ಪ್ಲೇಟ್‌ಲೆಟ್ (ರಕ್ತ ಹೆಪ್ಪುಗಟ್ಟಿಸುವ ಕಣ) 82 ಸಾವಿರ. ಸ್ಪೈನಲ್ ಕೊಡಬಹುದೇ? ಥಿಯೇಟರಿನಲ್ಲಿ ಮೆಗ್ನೀಷಿಯಂ ನಿಲ್ಲಿಸಬೇಕೇ?

ಉತ್ತರ 1: ಅರಿವಳಿಕೆ ತಜ್ಞೆ
ಮೊದಲು ಆ ಚೀಟಿ. ಕಳಿಸಿದವರಿಗೆ ಫೋನ್ ಮಾಡಿ ಎಷ್ಟು ಗ್ರಾಂ, ನರಕ್ಕೋ (ಅಂದರೆ ರಕ್ತನಾಳಕ್ಕೆ) ಸ್ನಾಯುವಿಗೋ, ಎಷ್ಟು ಗಂಟೆಗೆ ಅಂತ ಕೇಳಿ. ಪ್ರಿಚರ್ಡ್ ಕ್ರಮ (ಮ್ಯಾಗ್‌ಸಲ್ಫ್ ಕೊಡುವ ಒಂದು ಪದ್ಧತಿ) ಆಗಿದ್ದರೆ ನರಕ್ಕೆ 4 ಗ್ರಾಂ, ಎರಡೂ ಪೃಷ್ಠಕ್ಕೆ ತಲಾ 5 ಗ್ರಾಂ, ಒಟ್ಟು 14 ಗ್ರಾಂ ಹೋಗಿರುತ್ತದೆ. ಗೊತ್ತಿಲ್ಲದೆ ಇಲ್ಲಿ ಮತ್ತೊಂದು ಲೋಡಿಂಗ್ (ಶುರುವಿನ ದೊಡ್ಡ ಡೋಸ್) ಕೊಟ್ಟರೆ ಉಸಿರಿಗೇ ಕುತ್ತು. ಮೆಗ್ನೀಷಿಯಂ ಹೆಚ್ಚಾಗಿದೆಯೇ ಎಂದು ತಿಳಿಯಲು ಮಂಡಿಯ ರಿಫ್ಲೆಕ್ಸ್ (ತಟ್ಟಿದಾಗ ಕಾಲು ಚಿಮ್ಮುವುದು), ನಿಮಿಷದ ಉಸಿರು, ಮೂತ್ರ ಗಂಟೆಗೆ 30 ಮಿ.ಲೀ. ಬರುತ್ತಿದೆಯೇ ಎಂಬುದನ್ನು ಸ್ಪೈನಲ್‌ಗೆ ಮುಂಚೆಯೇ ನೋಡಿ ಬರೆದಿಡಿ. ಸ್ಪೈನಲ್ ಆದ ಮೇಲೆ ಮಂಡಿ ರಿಫ್ಲೆಕ್ಸ್ ಹೇಗೂ ಸಿಗದು, ಆಗ ಮೊಣಕೈಯ ಬೈಸೆಪ್ಸ್ ರಿಫ್ಲೆಕ್ಸ್ ನೋಡಬೇಕು. ಇದನ್ನು ಬಹಳ ಮಂದಿ ಮರೆಯುತ್ತಾರೆ. ಮೆಗ್ನೀಷಿಯಂಗೆ ಪ್ರತಿಮದ್ದಾದ 10% ಕ್ಯಾಲ್ಸಿಯಂ ಗ್ಲುಕೊನೇಟ್ 10 ಮಿ.ಲೀ. ಕೈಗೆಟುಕುವಲ್ಲಿರಲಿ.

ಮೆಗ್ನೀಷಿಯಂ ನಿಲ್ಲಿಸಬೇಡಿ. ಅರ್ಧ ಗಂಟೆ ನಿಲ್ಲಿಸಿದರೆ ರಕ್ತದಲ್ಲಿನ ಮಟ್ಟ ಹೆಚ್ಚೇನೂ ಇಳಿಯುವುದಿಲ್ಲ, ಫಿಟ್ಸ್ ಭಯ ಮಾತ್ರ ಹೆಚ್ಚುತ್ತದೆ.

ಪ್ಲೇಟ್‌ಲೆಟ್ 70 ಸಾವಿರಕ್ಕಿಂತ ಮೇಲಿದ್ದು ಇಳಿಮುಖವಾಗಿಲ್ಲದಿದ್ದರೆ ನನ್ನ ಆಯ್ಕೆ ಸ್ಪೈನಲ್ಲೇ. ಆದರೆ ಆ 82 ಸಾವಿರ ಯಾವಾಗಿನದು? ಬೆಳಗಿನ ರಿಪೋರ್ಟ್ ಹಿಡಿದು ರಾತ್ರಿ ಸೂಜಿ ಹಾಕಬಾರದು. ಎಎಸ್‌ಟಿ, ಎಎಲ್‌ಟಿ (ಯಕೃತ್ತಿನ ಪರೀಕ್ಷೆಗಳು) ಏರಿದ್ದರೆ ಹೆಲ್ಪ್ ಸಿಂಡ್ರೋಮ್ (ರಕ್ತಕಣ ಒಡೆದು, ಯಕೃತ್ತಿಗೆ ಪೆಟ್ಟಾಗುವ ಪ್ರಿಎಕ್ಲಾಂಪ್ಸಿಯಾದ ತೊಡಕು) ಇರಬಹುದು, ಅದರಲ್ಲಿ ಪ್ಲೇಟ್‌ಲೆಟ್ ಗಂಟೆಗಳಲ್ಲೇ ಕುಸಿಯುತ್ತದೆ. ಪಿಟಿ-ಐಎನ್‌ಆರ್ (ರಕ್ತ ಹೆಪ್ಪುಗಟ್ಟುವ ಪರೀಕ್ಷೆ) ಕೂಡ ಕಳಿಸಿ. ಒಸಡಿನಲ್ಲೋ ಕ್ಯಾನುಲಾ ಜಾಗದಲ್ಲೋ ರಕ್ತ ಜಿನುಗುತ್ತಿದ್ದರೆ ಸ್ಪೈನಲ್ ಬೇಡ.

ಸ್ಪೈನಲ್‌ಗೆ ಮರಗಟ್ಟಿಸುವ ಮದ್ದು 0.5% ಹೆವಿ ಬುಪಿವಕೇನ್ 1.8ರಿಂದ 2 ಮಿ.ಲೀ., ನೋವುನಿವಾರಕ ಫೆಂಟನಿಲ್ 10–15 ಮೈಕ್ರೋಗ್ರಾಂ ಸಾಕು. ಮಲಗಿಸಿದ ಕೂಡಲೇ ಎಡಕ್ಕೆ 15 ಡಿಗ್ರಿ ವಾಲಿಸಿ. ಬಿ.ಪಿ. ಏರಿಸುವ ಫಿನೈಲೆಫ್ರಿನ್ 10 ಮಿ.ಗ್ರಾಂ ಆಂಪೂಲನ್ನು 100 ಮಿ.ಲೀ. ಸಲೈನಿಗೆ ಹಾಕಿದರೆ ಮಿ.ಲೀ.ಗೆ 100 ಮೈಕ್ರೋಗ್ರಾಂ. ಈ ತಾಯಂದಿರ ಬಿ.ಪಿ. ಉಳಿದ ಗರ್ಭಿಣಿಯರಷ್ಟು ಕುಸಿಯುವುದಿಲ್ಲ, ಹಾಗಾಗಿ 25–50 ಮೈಕ್ರೋಗ್ರಾಂನಿಂದ ಶುರುಮಾಡಿ. ಲೀಟರುಗಟ್ಟಲೆ ಪ್ರಿಲೋಡ್ (ಸ್ಪೈನಲ್‌ಗೆ ಮುಂಚಿನ ಡ್ರಿಪ್) ಕೊಟ್ಟರೆ ಶ್ವಾಸಕೋಶದಲ್ಲಿ ನೀರು ತುಂಬುತ್ತದೆ. ರಕ್ತಸ್ರಾವವಿಲ್ಲದಿದ್ದರೆ ಡ್ರಿಪ್ ಎಲ್ಲಾ ಸೇರಿ ಗಂಟೆಗೆ 80 ಮಿ.ಲೀ.

ಉತ್ತರ 2: ಅರಿವಳಿಕೆ ತಜ್ಞ
ಮೇಡಂ ಹೇಳಿದ್ದಕ್ಕೆ ಜಿಎ (ಪೂರ್ತಿ ಪ್ರಜ್ಞೆ ತಪ್ಪಿಸುವ ಅರಿವಳಿಕೆ) ಮಾತು ಸೇರಿಸುತ್ತೇನೆ. ಸ್ಪೈನಲ್ ಆಗದೆ ಟ್ಯೂಬ್ ಹಾಕಬೇಕಾಗಿ ಬಂದರೆ, ಲ್ಯಾರಿಂಜೋಸ್ಕೋಪ್ ಬಾಯಿಗೆ ಹಾಕುವ ಮೊದಲೇ ಸಿಸ್ಟಾಲಿಕ್ 160ರ ಕೆಳಗೆ ತನ್ನಿ. ಇಲ್ಲದಿದ್ದರೆ ಆ ಕ್ಷಣದಲ್ಲೇ ಮಿದುಳಿನಲ್ಲಿ ರಕ್ತಸ್ರಾವವಾಗಬಹುದು. ಬಿ.ಪಿ. ಇಳಿಸುವ ಲ್ಯಾಬೆಟಲಾಲ್ 20 ಮಿ.ಗ್ರಾಂ, 10 ನಿಮಿಷಕ್ಕೆ ಇಳಿಯದಿದ್ದರೆ 40, ಆಮೇಲೆ 80. ಆಸ್ತಮಾ ಇದ್ದರೆ ಬೇಡ. ಗಂಟಲು ಊದಿರುತ್ತದೆ, 6.5 ಮತ್ತು 6 ಟ್ಯೂಬ್ ಎರಡೂ ಇಟ್ಟುಕೊಳ್ಳಿ. ಸಕ್ಸಿನೈಲ್‌ಕೋಲಿನ್ (ಟ್ಯೂಬ್ ಹಾಕಲು ಸ್ನಾಯು ಸಡಿಲಿಸುವ ಮದ್ದು) ಡೋಸ್ ಕಡಿಮೆ ಮಾಡಬೇಡಿ. ಮೆಗ್ನೀಷಿಯಂನಿಂದ ಮೈ ಅದುರದೇ ಇರಬಹುದು, ಅದಕ್ಕಾಗಿ ಕಾಯಬೇಡಿ. ಸ್ನಾಯು ಸಡಿಲಿಸುವ ಇನ್ನೊಂದು ಮದ್ದು ಅಟ್ರಾಕ್ಯೂರಿಯಂ ಮಾತ್ರ ಹೆಚ್ಚು ಹೊತ್ತು ಹಿಡಿಯುತ್ತದೆ, ಕಡಿಮೆ ಕೊಟ್ಟು ನರ್ವ್ ಸ್ಟಿಮ್ಯುಲೇಟರ್ ನೋಡಿ.

ಮರುಪ್ರಶ್ನೆ: ಅರಿವಳಿಕೆ ಪಿಜಿ
ಧನ್ಯವಾದ ಮೇಡಂ, ಸರ್. ಮಗು ಬಂದ ಮೇಲೆ ಗರ್ಭಕೋಶ ಬಿಗಿಯದಿದ್ದರೆ?

ಉತ್ತರ 3: ಪ್ರಸೂತಿ ತಜ್ಞೆ
ಮೆಗ್ನೀಷಿಯಂ ಗರ್ಭಕೋಶವನ್ನೂ ಸಡಿಲಿಸುತ್ತದೆ, ಆದ್ದರಿಂದ ಇದಕ್ಕೆ ಮೊದಲೇ ಸಿದ್ಧರಿರಿ. ಗರ್ಭಕೋಶ ಬಿಗಿಸುವ ಆಕ್ಸಿಟೋಸಿನ್ 3 ಯೂನಿಟ್ ನಿಧಾನವಾಗಿ, ನಂತರ ಇನ್‌ಫ್ಯೂಷನ್. ಅದೇ ಕೆಲಸದ ಮೆಥರ್ಜಿನ್ ಕೊಡಲೇಬೇಡಿ, ಬಿ.ಪಿ. ದಿಢೀರನೆ ಏರುತ್ತದೆ. ಅಭ್ಯಾಸಬಲದಿಂದ ಯಾರಾದರೂ ಸಿರಿಂಜಿಗೆ ಎಳೆದಿಟ್ಟುಬಿಡುತ್ತಾರೆ, ಶುರುವಿನಲ್ಲೇ ಟ್ರೇಯಿಂದ ತೆಗೆಸಿ. ಬದಲಿಗೆ ಕಾರ್ಬೊಪ್ರೋಸ್ಟ್ 250 ಮೈಕ್ರೋಗ್ರಾಂ ಸ್ನಾಯುವಿಗೆ ಕೊಡಬಹುದು, ಆಸ್ತಮಾ ಇದ್ದರೆ ಅದೂ ಇಲ್ಲ. ರಕ್ತಸ್ರಾವ ಹೆಚ್ಚಾದರೆ ಅದನ್ನು ತಡೆಯುವ ಟ್ರಾನೆಕ್ಸಾಮಿಕ್ ಆಸಿಡ್ 1 ಗ್ರಾಂ 10 ನಿಮಿಷದಲ್ಲಿ, ಹೆರಿಗೆಯಾದ 3 ಗಂಟೆಯೊಳಗೆ.

ಪ್ಲೇಟ್‌ಲೆಟ್ ಇನ್ನೂ ಇಳಿದರೆ ಪ್ರಿಚರ್ಡ್‌ನ ಮುಂದಿನ 5 ಗ್ರಾಂ ಪೃಷ್ಠಕ್ಕೆ ಚುಚ್ಚಿಸಬೇಡಿ, ಅಲ್ಲಿ ರಕ್ತ ಗಡ್ಡೆಕಟ್ಟುತ್ತದೆ. ನರಕ್ಕೆ ಗಂಟೆಗೆ 1 ಗ್ರಾಂ ಕೊಡಿ, 24 ಗಂಟೆ ಮುಂದುವರಿಯಲಿ. ನೋವಿಗೆ ಡೈಕ್ಲೋಫಿನಾಕ್ ಬರೆಯುವ ಮುನ್ನ ಪ್ಲೇಟ್‌ಲೆಟ್, ಕ್ರಿಯಾಟಿನಿನ್ ಎರಡನ್ನೂ ನೋಡಿ.