ಮಳಿಗೆ ಹೆಚ್ಚುತ್ತಿವೆ, ಷೇರು ಯಾಕೆ ಏಳ್ತಿಲ್ಲ?

ಪ್ರಶ್ನೆ: ನಮಸ್ಕಾರ ಮೇಡಂ. ಬರ್ಗರ್ ಕಿಂಗ್ ನಡೆಸುವ ರೆಸ್ಟೋರೆಂಟ್ ಬ್ರ್ಯಾಂಡ್ಸ್ ಏಷ್ಯಾ ಷೇರು ಕೊಳ್ಳೋಣ ಅಂತಿದ್ದೇನೆ. ಬೆಂಗಳೂರಿನಲ್ಲಿ ಎಲ್ಲಿ ನೋಡಿದರೂ ಅವರ ಮಳಿಗೆ. ಭಾನುವಾರ ಕೂರಲು ಜಾಗ ಸಿಗಲ್ಲ. ಷೇರು ಮಾತ್ರ ಮಲಗಿದೆ. ಅಗ್ಗ ಅಂತ ತಗೊಳ್ಳಬಹುದಾ?

ಉತ್ತರ: ಕೊಳ್ಳಿ, ಬಿಡಿ ಅಂತ ಇಲ್ಲಿ ಹೇಳಲಾರೆ. ಸಿಎ ಆಗಿ ನಾನು ಲೆಕ್ಕ ನೋಡುವ ಬಗೆ ಹೇಳುತ್ತೇನೆ.

2020ರ ಡಿಸೆಂಬರ್‌ನಲ್ಲಿ ಇದರ ಐಪಿಒ, ಅಂದರೆ ಜನರಿಗೆ ಮೊದಲ ಸಲ ಷೇರು ಮಾರಿದ್ದು. ಬೆಲೆ 60 ರೂಪಾಯಿ. ಮಾರಾಟಕ್ಕಿಟ್ಟ ಷೇರುಗಳ 150 ಪಟ್ಟಿಗೂ ಜಾಸ್ತಿ ಷೇರಿಗೆ ಅರ್ಜಿ ಬಂದವು. ಮೊದಲ ದಿನವೇ ಬೆಲೆ ದುಪ್ಪಟ್ಟಾಯಿತು. ಆಗ ಮಳಿಗೆಗಳು 300ರ ಒಳಗಿದ್ದವು. 2025ರ ಮಾರ್ಚ್ ಹೊತ್ತಿಗೆ 500 ದಾಟಿದವು. ಷೇರು ಮಾತ್ರ ತಿರುಗಿ 60ರ ಆಸುಪಾಸಿಗೇ ಬಂದಿತ್ತು.

ಇನ್ನೊಂದು ವಿಷಯ. 2026ರ ಕೊನೆಗೆ 700 ಮಳಿಗೆ ತೆರೆಯಬೇಕು ಅಂತ ಬರ್ಗರ್ ಕಿಂಗ್ ಬ್ರ್ಯಾಂಡಿನವರ ಜೊತೆ ಐಪಿಒ ಕಾಲದಲ್ಲೇ ಕರಾರು ಇತ್ತು. ಹಾಗಾಗಿ ಹೊಸ ಬೋರ್ಡ್ ಕಂಡ ತಕ್ಷಣ ವ್ಯಾಪಾರ ಜೋರಾಗಿದೆ ಅಂದುಕೊಳ್ಳಬೇಡಿ.

ಬಸವನಗುಡಿಯ ದರ್ಶಿನಿಯವರು ಜಯನಗರದಲ್ಲಿ ಇನ್ನೊಂದು ತೆರೆದರು ಅನ್ನಿ. ಎರಡೂ ಗಲ್ಲಾ ಸೇರಿಸಿದರೆ ದುಡ್ಡು ಜಾಸ್ತಿಯೇ, ಅಲ್ವಾ? ಆದರೆ ಹಳೇ ಗಲ್ಲಾಕ್ಕೆ ಹೋದ ವರ್ಷದಷ್ಟೇ ಬಿದ್ದಿದ್ದರೆ? ಎಣ್ಣೆ, ಬಾಡಿಗೆ, ಭಟ್ಟರ ಸಂಬಳ ಏರಿರುತ್ತದೆ. ಆ ಅಂಗಡಿ ಸೊರಗುತ್ತಿದೆ ಅಂತಲೇ ಅರ್ಥ. ಅದಕ್ಕೇ ಹಳೇ ಮಳಿಗೆಗಳ ಮಾರಾಟ ಎಷ್ಟು ಏರಿತು ಅಂತ ಮೊದಲು ಹುಡುಕಿ. 'ಸೇಮ್ ಸ್ಟೋರ್ ಸೇಲ್ಸ್' ಅಂತ ಮೂರು ತಿಂಗಳಿಗೊಮ್ಮೆ ಕೊಡುತ್ತಾರೆ. ಷೇರು ಪೇಟೆ ಎನ್‌ಎಸ್‌ಇಯ ವೆಬ್‌ಸೈಟ್‌ನಲ್ಲೇ ಸಿಗುತ್ತದೆ.

ಪ್ರಶ್ನೆ: ಎಬಿಟ್ಡಾ, ಅಂದರೆ ಬಡ್ಡಿ, ತೆರಿಗೆ, ಸವಕಳಿ ಕಳೆಯುವ ಮೊದಲಿನ ಲಾಭ, ಪ್ಲಸ್‌ನಲ್ಲಿದೆಯಲ್ಲ ಮೇಡಂ?

ಉತ್ತರ: ಎಲ್ಲರೂ ಎಡವುವುದು ಅಲ್ಲೇ. 2019ರ ಏಪ್ರಿಲ್‌ನಿಂದ ಕಂಪನಿಗಳು ಲೆಕ್ಕ ಬರೆಯಲು ಇಂಡ್ ಎಎಸ್ 116 ಅನ್ನೋ ನಿಯಮ ಇದೆ. ಅದರ ಪ್ರಕಾರ ಅಂಗಡಿ ಬಾಡಿಗೆಯ ಬಹುಪಾಲು ಖರ್ಚಿನ ಸಾಲಿನಲ್ಲಿ ಕಾಣುವುದೇ ಇಲ್ಲ. ಸವಕಳಿ ಮತ್ತು ಬಡ್ಡಿಯಾಗಿ ಒಡೆದು ಕೆಳಗೆ ಹೋಗುತ್ತದೆ. ಎಬಿಟ್ಡಾ ಅವೆರಡಕ್ಕೂ ಮೇಲೆ ನಿಲ್ಲುವ ಅಂಕಿ. ಬಾಡಿಗೆ ಕಟ್ಟುವ ಮೊದಲಿನ ಲಾಭ ಅಂದರೂ ನಡೆಯುತ್ತದೆ. ಮಾಲ್‌ನಲ್ಲಿ ಅಂಗಡಿ ಇಟ್ಟವರಿಗೆ ಬಾಡಿಗೆ ಏನು ಅಂತ ಕೇಳಿ ನೋಡಿ! 'ಪ್ರೀ ಇಂಡ್ ಎಎಸ್', ಅಂದರೆ ಬಾಡಿಗೆ ಕಳೆದ ಮೇಲಿನ ಅಂಕಿ ಬೇರೆ ಕೊಟ್ಟಿದ್ದರೆ ಅದನ್ನೇ ಹಿಡಿಯಿರಿ.

ಇನ್ನೊಬ್ಬರು: ಡಾಮಿನೋಸ್ ನಡೆಸುವ ಜುಬಿಲಂಟ್ 2010ರಲ್ಲಿ 145 ರೂಪಾಯಿಗೆ ಬಂದಿತ್ತು. ಆಮೇಲೆ ಬೋನಸ್, ಷೇರು ವಿಭಜನೆ, ಎಲ್ಲ ಆಯಿತು. ನಮ್ಮ ಭಾವ ಈಗಲೂ ಅದರ ಕಥೆ ಹೇಳುತ್ತಾರೆ. ಇದೂ ಹಾಗೇ ಆಗಬಾರದಾ?

ಉತ್ತರ: ಆಗಲಿ, ಯಾರು ಬೇಡ ಅಂದರು? ಆದರೆ ಜುಬಿಲಂಟ್ ಪೇಟೆಗೆ ಬಂದಾಗಲೇ ಲಾಭದಲ್ಲಿತ್ತು. ಮನೆಗೆ ತಲುಪಿಸುವುದೇ ಅವರ ಮುಖ್ಯ ವ್ಯಾಪಾರ, ಚಿಕ್ಕ ಜಾಗ ಸಾಕಿತ್ತು. ಬರ್ಗರ್ ಕಿಂಗ್‌ನದು ಕೂತು ತಿನ್ನುವ ದೊಡ್ಡ ಜಾಗ.

ಪ್ರಶ್ನೆ: ಸರಿ ಮೇಡಂ, ಈ ತ್ರೈಮಾಸಿಕದ ಲೆಕ್ಕ ಇಳಿಸಿಕೊಂಡು ನೋಡುತ್ತೇನೆ.

ಉತ್ತರ: ನೋಡುವಾಗ ಭಾರತದ ಲೆಕ್ಕ ಬೇರೆ, ಇಂಡೋನೇಷ್ಯಾದ್ದು ಬೇರೆ ಮಾಡಿಕೊಳ್ಳಿ. 2022ರಲ್ಲಿ ಅಲ್ಲಿನ ಬರ್ಗರ್ ಕಿಂಗ್ ವ್ಯಾಪಾರವನ್ನೂ ಕೊಂಡರು. ಬೆಂಗಳೂರಿನ ಆ ಭಾನುವಾರದ ರಶ್ಶು ಎರಡೂ ಸೇರಿದ ಅಂಕಿಯಲ್ಲಿ ಕಾಣಲ್ಲ.