ಧಾರವಾಡದಲ್ಲಿ 5,000 ರೂಪಾಯಿಯೊಳಗೆ ಹಳೆ ಎಂಟಿಬಿ ಸೈಕಲ್: ಈ ಮೂರರಲ್ಲಿ ಯಾವುದು ನೋಡಲಿ?

ಕೆಲಗೇರಿ ಟೀಚರ್:

ಎಲ್ಲರಿಗೂ ನಮಸ್ಕಾರ. ಧಾರವಾಡದಲ್ಲಿ ಹೈಸ್ಕೂಲ್ ಟೀಚರ್ ನಾನು. ವಯಸ್ಸು 41, ಎತ್ತರ 5 ಅಡಿ 3 ಇಂಚು. ಕಾಲೇಜು ಮುಗಿದ ಮೇಲೆ ಸೈಕಲ್ ಹತ್ತಿಲ್ಲ. ಈಗ ಮಗಳು ರವಿವಾರ ಬೆಳಿಗ್ಗೆ ಕೆಲಗೇರಿ ಕೆರೆ ಕಡೆ ಸೈಕಲ್ ಮೇಲೆ ಹೋಗ್ತಾಳೆ, ಅವಳ ಜೊತೆ ನಾನೂ ಹೋಗಬೇಕು ಅಂತ ಭಾಳ ಆಸೆ. ರೇಸು, ಗುಡ್ಡ ಇಳಿಯೋದು ಇಂಥದ್ದೇನೂ ಇಲ್ಲ. ಕೆರೆ, ಯೂನಿವರ್ಸಿಟಿ ಕ್ಯಾಂಪಸ್, ಇನ್ನೊಂದಿಷ್ಟು ರೂಢಿಯಾದರೆ ನುಗ್ಗಿಕೇರಿ ಹನುಮಪ್ಪನ ಗುಡಿ. ನಮ್ಮ ಮನೆಯಿಂದ ಡಾಂಬರು ರಸ್ತೆಗೆ ಬರೋತನಕ ಮಣ್ಣಿನ ದಾರಿ, ಮಳೆಗಾಲದಲ್ಲಿ ತಗ್ಗು ತುಂಬಿರುತ್ತೆ. ಅದಕ್ಕೇ ದಪ್ಪ ಟಯರಿನ ಎಂಟಿಬಿ, ಅಂದರೆ ಮೌಂಟನ್ ಬೈಕ್, ಬೇಕು ಅನ್ಸಿದೆ.

ಕೈಯಲ್ಲಿರೋದು 5,000 ರೂಪಾಯಿ. ಓಎಲ್‌ಎಕ್ಸ್, ಫೇಸ್‌ಬುಕ್ ಎರಡರಲ್ಲೂ ಹುಡುಕಿ ಮೂರು ಸೈಕಲ್ ಗುರುತು ಹಾಕಿಕೊಂಡಿದ್ದೇನೆ. ಒಂದಕ್ಕೆ ಹಿಂದೆ ಮುಂದೆ ಎರಡೂ ಕಡೆ ಶಾಕ್, ಡಿಸ್ಕ್ ಬ್ರೇಕ್, 21 ಗೇರ್, 4,500 ಹೇಳ್ತಾರೆ, ಫೋಟೋದಲ್ಲಿ ಹೊಸದರ ಹಾಗೇ ಹೊಳೀತದೆ. ಇನ್ನೊಂದು ಹುಬ್ಬಳ್ಳಿ ವಿದ್ಯಾನಗರದ್ದು, 26 ಇಂಚಿನ ಗಾಲಿ, ಮುಂದೆ ಮಾತ್ರ ಶಾಕ್, ರಬ್ಬರ್ ಬ್ರೇಕ್, 18 ಗೇರ್, 3,500. ಅಪಾರ್ಟ್‌ಮೆಂಟ್ ಪಾರ್ಕಿಂಗ್‌ನಲ್ಲಿ ಬಹಳ ದಿನದಿಂದ ನಿಂತೇ ಇದೆಯಂತೆ, ಧೂಳು ಹಿಡಿದಿದೆ. ಮೂರನೆಯದು ದೊಡ್ಡ ಕಂಪನಿಯದು, 29 ಇಂಚಿನ ಗಾಲಿ, 19 ಇಂಚಿನ ಫ್ರೇಮ್. 7,000 ಅಂದವರು 6,000ಕ್ಕೆ ಇಳಿದಿದ್ದಾರೆ. ಮನೆಯವರು ಮೊದಲನೆಯದೇ ತಗೋ ಅಂತಾರೆ. ತಿಳಿದವರು ಹೇಳಿ.

ಮಾಳಮಡ್ಡಿ ಸೈಕಲ್:

ಟೀಚರ್ರ, ನಮಸ್ಕಾರ. ನಮ್ಮ ಅಪ್ಪಂದು ಮಾಳಮಡ್ಡ್ಯಾಗ ಸೈಕಲ್ ಅಂಗಡಿ ಇತ್ತು. ತಾಸಿನ ಲೆಕ್ಕದಾಗ ಬಾಡಿಗಿ ಕೊಡೋದು, ಪಂಕ್ಚರ್, ಓವರ್‌ಹಾಲಿಂಗ್, ಎಲ್ಲಾ ಮಾಡ್ತಿದ್ದ. ನಾ ಈಗ ಬ್ಯಾರೆ ನೌಕರಿ ಮಾಡ್ತೀನಿ, ಆದ್ರ ಓಣ್ಯಾಗ ಯಾರರೆ ಹಳೆ ಸೈಕಲ್ ತಗೊಳ್ಳೋದಿದ್ರ ನನ್ನ ಕರ್ಕೊಂಡ ಹೋಗ್ತಾರ. ಹಂಗಾಗಿ ಒಂದಿಷ್ಟು ಉದ್ದ ಬರೀತೀನಿ.

ಮೊದಲನೇದು ಬ್ಯಾಡ್ರಿ. ಎರಡೂ ಕಡೆ ಶಾಕ್ ಅಂದ್ರ ಭಾರೀ ಸೈಕಲ್ ಅಂತ ಮಂದಿ ತಿಳ್ಕೋತಾರ. ಈ ರೇಟಿನ ಸೈಕಲ್ಲಿಗೆ ಹಿಂದ ಹಾಕಿರೋದು ಬರೇ ಒಂದು ಗಟ್ಟಿ ಸ್ಪ್ರಿಂಗ್. ನೀವು ಒಂದೊಂದು ಸಲ ಪೆಡಲ್ ತುಳದಾಗೂ ಸೈಕಲ್ ಕೆಳಗ ಕುಂದರ್ತದ, ಮ್ಯಾಲ ಏಳ್ತದ. ನಿಮ್ಮ ಶಕ್ತಿ ಗಾಲಿಗೆ ಹೋಗೋ ಬದಲಿ ಸ್ಪ್ರಿಂಗಿಗೆ ಹೋಗ್ತದ. ಯೂನಿವರ್ಸಿಟಿ ಏರು ಹತ್ತಬೇಕಾದ್ರ ಗೊತ್ತಾಗ್ತದ ಅದರ ತ್ರಾಸು. ತೂಕನೂ ಭಾಳ. ಮ್ಯಾಲ ಆ ಹಿಂದಿನ ಕೀಲಿನ ಬುಷ್ ಸವದ್ರ ಸೈಕಲ್ಲಿನ ಹಿಂಭಾಗ ಪೂರಾ ಅಲುಗಾಡ್ತದ, ಅದರ ಸಾಮಾನು ನಮ್ಮ ಕಡೆ ಅಂಗಡ್ಯಾಗ ಸಿಗಂಗಿಲ್ಲ. ಫೋಟೋದಾಗಿನ ಹೊಳಪಿಗೆ ರೊಕ್ಕ ಕೊಡಬ್ಯಾಡ್ರಿ.

ಮೂರನೇದು ಸೈಕಲ್ ಛಲೋ ಇರಬಹುದು, ಆದ್ರ ಅದು ನಿಮ್ಮ ಅಳತೀದಲ್ಲ. 5 ಅಡಿ 3 ಇಂಚಿನವರಿಗೆ 15, ಭಾಳಂದ್ರ 16 ಇಂಚಿನ ಫ್ರೇಮ್ ಬೇಕು. ಸೈಕಲ್ ನಡುವ ಕಾಲೂರಿ ನಿಂತಾಗ ಮ್ಯಾಲಿನ ಪೈಪಿಗೂ ನಿಮಗೂ ಎರಡು ಇಂಚರೆ ಸಂದಿ ಇರಬೇಕು. ಇಲ್ಲಂದ್ರ ತಗ್ಗಿನಾಗ ಗಕ್ಕನ ಬ್ರೇಕ್ ಹಾಕಿ ಇಳೀಬೇಕಾದ್ರ ಪೆಟ್ಟು ಬೀಳ್ತದ. ಸೀಟು ಇಳಿಸಿದ್ರ ಸರಿ ಆಗ್ತದ ಅಂತ ಮಾರಾವ್ರು ಹೇಳ್ತಾರ. ಸೀಟು ಇಳೀತದ, ಪೈಪು ಇಳಿಯಂಗಿಲ್ಲ. ಹ್ಯಾಂಡಲ್ಲೂ ದೂರನ ಇರ್ತದ.

ಎರಡನೇದು ನೋಡಾಕ ಹೋಗ್ರಿ. ಗೇರ್ ಎಷ್ಟು ಅಂತ ಎಣಸಬ್ಯಾಡ್ರಿ, ಗೇರಿನ ತಂತಿ ಸಸ್ತಾದಾಗ ಬದಲಿ ಆಗ್ತದ. ರೊಕ್ಕ ತಿನ್ನೋ ಜಾಗ ಬ್ಯಾರೆ ಅವ.

ಹೋದ ಕೂಡ್ಲೆ ಸೈಕಲ್ ತಲಿಕೆಳಗ ಮಾಡ್ರಿ. ಎರಡೂ ಗಾಲಿ ತಿರುವಿ ಬ್ರೇಕ್ ರಬ್ಬರಿಗೂ ರಿಮ್ಮಿಗೂ ನಡುವಿನ ಸಂದಿ ನೋಡ್ರಿ. ಗಾಲಿ ಆಕಡೆ ಈಕಡೆ ಒಲದ್ರ ರಿಮ್ ಬೆಂಡ್ ಅದ ಅಂತ ಅರ್ಥ. ಸ್ವಲ್ಪ ಇದ್ರ ಕಡ್ಡಿ ಬಿಗದು ಸರಿ ಮಾಡ್ತಾರ. ಹಿಂದಿನ ಗಾಲಿ ಮಾತ್ರ ಭಾಳ ಲಕ್ಷ್ಯ ಕೊಟ್ಟು ನೋಡ್ರಿ. ಈ ರೇಟಿನ ಗೇರ್ ಸೈಕಲ್ಲಿಗೆ ತಿರುಪಿನ ಫ್ರೀವೀಲ್, ಅಂದ್ರ ಹಿಂದಿನ ಗಾಲಿಗೆ ತಿರುವಿ ಕೂಡಿಸೋ ಹಲ್ಲಿನ ಚಕ್ರಗಳ ಸೆಟ್ಟು, ಇರ್ತದ. ಆ ಕಡೆ ಬೇರಿಂಗಿನ ಆಚೆ ಅಚ್ಚು ಉದ್ದಕ್ಕ ಹೊರಗ ಇರ್ತದ, ಭಾರದ ಮನಷಾ ತಗ್ಗಿನಾಗ ಎತ್ತಿ ಹಾಕಿದ್ರ ಅದ ಮೊದಲ ಬಾಗೋದು. ಫ್ರೀವೀಲ್ ಹಲ್ಲು ತಿರಗೂ ಮುಂದ ಒಂದ ಸಮ ಒಲದ್ರ ಅಚ್ಚು ಬಾಗಿರಬಹುದು.

ಆಮ್ಯಾಲೆ ನೆಟ್ಟಗ ನಿಲ್ಲಿಸಿ ಎರಡೂ ಕ್ರ್ಯಾಂಕ್, ಅಂದ್ರ ಪೆಡಲ್ ಕುಂದರೋ ರಾಡು, ಎರಡೂ ಕೈಲೆ ಹಿಡಿದು ಫ್ರೇಮಿನ ಕಡೆ ಒತ್ರಿ, ಜಗ್ರಿ. ಎರಡೂ ಒಟ್ಟಿಗೆ ಕಟ್ ಕಟ್ ಅಂದ್ರ ಒಳಗಿನ ಬಿಬಿ, ಅಂದ್ರ ಎರಡೂ ಕ್ರ್ಯಾಂಕ್ ಕೂಡಿಸೋ ಅಚ್ಚು ಮತ್ತ ಬೇರಿಂಗು, ಸಡಿಲ. ಒಂದ ಕಡೇದು ಮಾತ್ರ ಅಲುಗಾಡಿದ್ರ ಅದರ ನಟ್ಟು ಸಡಿಲ ಇರ್ತದ, ಇಲ್ಲಾ ಸಡಿಲ ಇದ್ದಾಗ ಹಂಗ ತುಳದು ಚೌಕಾನ ತೂತು ಸವದಿರ್ತದ.

ಇನ್ನ ಚೈನು. ಕಬ್ಬಿಣದ ಟೇಪು ಒಯ್ರಿ, ಬಟ್ಟಿ ಟೇಪು ಬ್ಯಾಡ. ಒಂದು ಪಿನ್ನಿನ ನಡುಮಧ್ಯ ಸೊನ್ನಿ ಇಟ್ಟು ಅಳೀರಿ. ಆ ಪಿನ್ನು ಬಿಟ್ಟು ಎಣಿಸಿದ್ರ 24ನೇ ಪಿನ್ನಿನ ನಡುಮಧ್ಯ ಸರಿಯಾಗಿ 12 ಇಂಚಿಗೆ ಬರಬೇಕು. ಇಂಚಿನ ಹದಿನಾರನೇ ಒಂದು ಪಾಲು ಮುಂದ ಹೋಗಿದ್ರ ಚೈನು ಬದಲಿ. ಎಂಟನೇ ಒಂದು ಪಾಲು ಹೋಗಿದ್ರ ಹಲ್ಲೂ ಸವದಿರ್ತಾವ, ಚೈನಿನ ಜೋಡಿ ಫ್ರೀವೀಲ್ಲೂ ಬದಲಿ ಮಾಡಬೇಕು. ಇಲ್ಲಂದ್ರ ಹೊಸ ಚೈನು ಹಳೆ ಹಲ್ಲಿನ ಮ್ಯಾಲ ಜಾರ್ತದ.

ಕಡೀಕೆ ಸೀಟಿನ ನಟ್ಟು ಸಡಿಲ ಮಾಡಿ ಸೀಟು ಎತ್ರಿ, ಇಳಸ್ರಿ. ನಿಂತ ಸೈಕಲ್ಲಿನಾಗ ಸೀಟಿನ ಪೈಪು ಜಂಗು ಹಿಡಿದು ಒಳಗ ಕೂತ ಬಿಟ್ಟಿರ್ತದ. ಅದು ಬರಲಿಲ್ಲಂದ್ರ, ಮತ್ತ ನಿಮ್ಮ ಎತ್ತರಕ್ಕ ಹೊಂದಲಿಲ್ಲಂದ್ರ, ಸೈಕಲ್ ಎಷ್ಟ ಛಲೋ ಇದ್ರೂ ವಾಪಸ್ ಬರ್ರಿ. ಹ್ಯಾಂಡಲ್ ಕೆಳಗ ದಪ್ಪ ಪೈಪು ಕೂಡೋ ಜಾಗದಾಗ ಬಣ್ಣ ಸಣ್ಣ ಗೆರಿ ಹಂಗ ಬಿರದಿದ್ರೂ ಅಷ್ಟ, ಅಲ್ಲಿ ಫ್ರೇಮ್ ಸೀಳಿರಬಹುದು.

ಹೇಳೋದೇನಂದ್ರ, ಅವರು ಹೇಳಿದ ರೇಟು ಅರ್ಧ ಲೆಕ್ಕ. ನಿಂತ ಸೈಕಲ್ಲಿಗೆ ಎರಡು ಟಯರ್, ಟ್ಯೂಬು, ಬ್ರೇಕ್ ರಬ್ಬರ್, ತಂತಿ, ಚೈನು, ಓವರ್‌ಹಾಲಿಂಗ್, ಎಲ್ಲಾ ಕೂಡಿ 2,000 ಸಮೀಪ ಬರ್ತದ. ಅದನ್ನ ಕೂಡಿಸಿ ನಿಮ್ಮ 5,000ದಾಗ ಮುಗೀಬೇಕು. ಹಂಗಾಗಿ 3,500 ಕೊಡಬ್ಯಾಡ್ರಿ.

ಉಣಕಲ್ ಕೆರೆ:

ಮೇಲಿನವರು ಹೇಳಿದ್ದಕ್ಕೆ ಸ್ವಲ್ಪ ಸೇರಿಸ್ತೀನಿ. 2020ರ ಲಾಕ್‌ಡೌನ್‌ನಲ್ಲಿ ಜನ ಮುಗಿಬಿದ್ದು ಗೇರ್ ಸೈಕಲ್ ತಗೊಂಡ್ರು, ಅಂಗಡಿಗಳಲ್ಲಿ ಸ್ಟಾಕ್ ಇರಲಿಲ್ಲ. ಆವಾಗಿನ ಎಷ್ಟೋ ಸೈಕಲ್ ಹುಬ್ಬಳ್ಳಿ ಅಪಾರ್ಟ್‌ಮೆಂಟ್‌ಗಳ ಕೆಳಗೆ ಟಯರ್ ಕೂತು ನಿಂತಿವೆ. ಜಾಹೀರಾತೇ ಹಾಕಿರಲ್ಲ. ವಾಚ್‌ಮನ್ ಹತ್ತಿರ ಕೇಳಿದ್ರೆ ಯಾವ ಮನೆಯವರದ್ದು ಅಂತ ಹೇಳ್ತಾರೆ, ಜಾಗ ಖಾಲಿಯಾದ್ರೆ ಸಾಕು ಅಂತ ಕೊಡೋರೂ ಇದ್ದಾರೆ. ಏಪ್ರಿಲ್, ಮೇ ತಿಂಗಳಲ್ಲಿ ಕೋರ್ಸ್ ಮುಗಿಸಿ ಊರಿಗೆ ಹೋಗೋ ವಿದ್ಯಾರ್ಥಿಗಳ ಹತ್ತಿರವೂ ವಿಚಾರಿಸಿ.

ವಿಜಯಪುರ, ಬಾಗಲಕೋಟೆ, ಗದಗ ಕಡೆ ರೇಸ್ ಹೊಡೆಯೋ ಹುಡುಗರ ಹಳೆ ಎಂಟಿಬಿಗಳೂ ಆಗಾಗ ಮಾರಾಟಕ್ಕೆ ಬರ್ತವೆ. ಒಳ್ಳೆ ಸಾಮಾನು ಹಾಕಿರ್ತಾರೆ ನಿಜ, ಆದ್ರೆ ಅಷ್ಟೇ ಕಠಿಣವಾಗಿ ಓಡಿಸಿರ್ತಾರೆ. ಮೊದಲ ಸೈಕಲ್ಲಿಗೆ ನಾನು ಅದನ್ನ ಹೇಳಲ್ಲ.

ಬಿಲ್ ಕೇಳಲೇಬೇಕು. ಇಲ್ಲ ಅಂದ್ರೆ ಪೆಡಲ್ ಮಧ್ಯದ ಬಿಬಿ ಕೆಳಗೆ ಫ್ರೇಮಿಗೆ ಕೊರೆದಿರೋ ನಂಬರ್ ಬರೆದುಕೊಂಡು, ಇಷ್ಟಕ್ಕೆ ಮಾರಿದ್ದೇನೆ ಅಂತ ಚೀಟಿ ಬರೆಸಿ ಸಹಿ ಹಾಕಿಸಿಕೊಳ್ಳಿ. ನಂಬರ್ ತಿಕ್ಕಿ ಅಳಿಸಿದ್ದರೆ ಕಳವಿನ ಮಾಲು ಇರಬಹುದು, ಮಾತೇ ಬೆಳೆಸಬೇಡಿ.

ಜಯನಗರದ ಧಾರವಾಡದವ:

ಟೀಚರ್, ನಾನು ಬೇರೆ ಮಾತು ಹೇಳ್ತೀನಿ. ನಿಮ್ಮ ಓಡಾಟಕ್ಕೆ ಎಂಟಿಬಿ ಬೇಕೇ ಇಲ್ಲ. ಡಾಂಬರಿನ ಮೇಲೆ ದಪ್ಪ ಟಯರ್ ಎಳೆದ ಹಾಗೆ ಆಗುತ್ತೆ, ಮುಂದಿನ ಶಾಕ್ ಸುಮ್ಮನೆ ಭಾರ. 2025ರ ಸೆಪ್ಟೆಂಬರ್ 22ರಿಂದ ಸೈಕಲ್ ಮೇಲಿನ ಜಿಎಸ್‌ಟಿ 12ರಿಂದ 5 ಪರ್ಸೆಂಟಿಗೆ ಇಳಿದಿದೆ. ಇನ್ನೊಂದಿಷ್ಟು ದುಡ್ಡು ಕೂಡಿಸಿ ಗೇರ್ ಇಲ್ಲದ ಹೊಸ ಸೈಕಲ್ ತಗೊಳ್ಳಿ, ಇಲ್ಲಾ ತೆಳು ಟಯರಿನ ಹಳೆ ಹೈಬ್ರಿಡ್, ಅಂದ್ರೆ ರೋಡ್ ಸೈಕಲ್ಲಿಗೂ ಎಂಟಿಬಿಗೂ ನಡುವಿನದು, ಹುಡುಕಿ. ಗ್ಯಾರಂಟಿನೂ ಇಲ್ಲದ, ನಿಂತು ಜಂಗು ಹಿಡಿದ ಸೈಕಲ್ಲಿಗೆ 5,000 ಹಾಕೋದು ನನಗೆ ಸರಿ ಕಾಣಲ್ಲ.

ಮಾಳಮಡ್ಡಿ ಸೈಕಲ್:

ಸರ, ಬೆಂಗಳೂರಿನ ರಸ್ತಾಕ್ಕ ನಿಮ್ಮ ಮಾತು ಖರೆ. ಶಾಕಿನ ಮಾತೂ ಒಪ್ತೀನಿ. ಶಾಕ್ ಇಲ್ಲದ ಗಟ್ಟಿ ಫೋರ್ಕಿನ (ಫೋರ್ಕ್ ಅಂದ್ರ ಮುಂದಿನ ಗಾಲಿ ಹಿಡಿಯೋ ಕವಲು) ಎಂಟಿಬಿ ಸಿಕ್ರ ಟೀಚರ್ ಅದನ್ನ ತಗೊಳ್ಳಲಿ, ಕೆಡೋ ಸಾಮಾನು ಒಂದು ಕಡಿಮಿ ಆಗ್ತದ. ಆದ್ರ ಧಾರವಾಡದಾಗ ಗೇರ್ ಇರಬೇಕು. ಕೆರಿ ಕಡೆ ಇಳದು ಹೋಗೋದು ಹಗೂರ, ವಾಪಸ್ ಬರೂ ಮುಂದ ಏರು. 41ನೇ ವಯಸ್ಸಿನಾಗ ಹೊಸದಾಗಿ ಶುರು ಮಾಡಾವ್ರಿಗೆ ಗೇರ್ ಇಲ್ಲದ ಸೈಕಲ್ ಕೊಟ್ರ ಮೊಣಕಾಲು ನೋಯಿಸ್ಕೊಂಡು ಮನ್ಯಾಗ ಇಟ್ಟಬಿಡ್ತಾರ.

ಮಣ್ಣಿನ ಮಾತೂ ಅದ. ಊರಿನ ಪಶ್ಚಿಮಕ್ಕ ಮಸಾರಿ, ಕೆಂಪು ಮಣ್ಣು. ಮಳಿ ನಿಂತ ಒಂದು ತಾಸಿಗೆ ಹಾದಿ ಗಟ್ಟಿ ಆಗ್ತದ. ನವಲಗುಂದದ ಕಡೆ ಎರಿ ಭೂಮಿ. ಆ ಕರೀ ಮಣ್ಣು ಹಸಿ ಇದ್ದಾಗ ನಾದಿದ ಹಿಟ್ಟಿನಂಗ ಟಯರಿಗೆ ಸುತ್ಗೊಂಡು ಫೋರ್ಕಿನ ಸಂದ್ಯಾಗ ತುಂಬ್ತದ, ಗಾಲಿ ತಿರಗೋದ ನಿಲ್ತದ. ಹೈಬ್ರಿಡ್ಡಿಗೆ ಆ ಸಂದಿ ಕಡಿಮಿ. ಎಂಟಿಬಿ ಆದ್ರೂ ಹಸಿ ಎರಿಯೊಳಗ ಹೋಗಬ್ಯಾಡ್ರಿ ಅಂತನ ಹೇಳ್ತೀನಿ, ಆದ್ರ ಟೀಚರ್ ಮನಿ ಮುಂದಿನ ಹಾದಿಗೆ ದಪ್ಪ ಟಯರ್ ಬೇಕ ಬೇಕು.

ಕೆಲಗೇರಿ ಟೀಚರ್:

ಎಲ್ಲರಿಗೂ ಧನ್ಯವಾದ. ಮಗಳನ್ನ ಕರ್ಕೊಂಡು ವಿದ್ಯಾನಗರಕ್ಕೆ ಹೋಗಿ ನೋಡಿ ಬಂದೆ. ಫ್ರೇಮ್ 16 ಇಂಚು, ನಿಂತು ನೋಡಿದೆ, ಸಂದಿ ಇದೆ. ಸೀಟು ಸುಲಭವಾಗಿ ಎದ್ದು ಬಂತು. ಗಾಲಿ ಎರಡೂ ಹೆಚ್ಚು ಕಡಿಮೆ ನೆಟ್ಟಗೆ ತಿರುಗುತ್ತವೆ. ಚೈನು ಕಬ್ಬಿಣದ ಟೇಪಿನಲ್ಲಿ ಅಳೆದೆವು, ಸರಿಯಾಗಿ 12 ಇಂಚೇ ಇದೆ, ಮೇಲೆ ಜಂಗು ಮಾತ್ರ. ಟಯರ್ ಎರಡೂ ಪಕ್ಕದಲ್ಲಿ ಬಿರುಕು ಬಿಟ್ಟಿವೆ. ಎಡಗಡೆ ಕ್ರ್ಯಾಂಕ್ ಒಂದೇ ಅಲುಗಾಡುತ್ತೆ, ಬಲಗಡೆ ಗಟ್ಟಿ. ಬಿಲ್ ಇದೆ, ನಂಬರ್ ತಾಳೆ ಆಗುತ್ತೆ. 2,800ಕ್ಕೆ ಕೊಡ್ತೀವಿ ಅಂದಿದ್ದಾರೆ. ಎಡ ಕ್ರ್ಯಾಂಕ್ ನೋಡಿ ಹೆದರಬೇಕಾ? ಟಯರ್ ನಮ್ಮ ಓಣಿಯ ಅಂಗಡಿಯಲ್ಲೇ 26 ಇಂಚಿನದು ಸಿಗುತ್ತೆ ಅಂದ್ರು, ಅದನ್ನೇ ಹಾಕಿಸಲಾ?

ಮಾಳಮಡ್ಡಿ ಸೈಕಲ್:

ಹೆದರಬ್ಯಾಡ್ರಿ, ತಗೋರಿ. ಓಡಿಸಿದ್ದ ಕಡಿಮಿ ಅನ್ನೋದು ಚೈನ ಹೇಳ್ತದ. ಜಂಗು ಬರೇ ಮ್ಯಾಲಿಂದಾದ್ರ, ಕೊಂಡಿಗಳು ಎಲ್ಲಾ ಹಗೂರ ಮಡಚಿದ್ರ, ಸೀಮೆಎಣ್ಣಿ ಹಚ್ಚಿ ತಿಕ್ಕಿ ಒರಸಿ ಎಣ್ಣಿ ಬಿಟ್ರ ಸಾಕು. ಚೈನಿಂದು ರೊಕ್ಕ ಉಳೀತು.

ಎಡ ಕ್ರ್ಯಾಂಕಿನ ಟೋಪಿ ತೆಗೆದು ಒಳಗಿನ ಬೋಲ್ಟು ಬಿಗಿಸ್ರಿ. ಒಂದು ಸುತ್ತು ಓಡಿಸಿ ಮತ್ತ ಅಲುಗಾಡಿದ್ರ ತೂತು ಸವದದ, ಎಡದ್ದೊಂದ ಹೊಸದು ಹಾಕಸ್ರಿ, ಜೋಡಿ ಬೇಕಾಗಿಲ್ಲ. ಅಳತಿಗೆ ಹಳೇದು ಕೈಯಾಗ ಒಯ್ರಿ, ಉದ್ದ ಒಂದ ಇರಬೇಕು. ಎಡ ಪೆಡಲ್ ಬಿಚ್ಚೂ ಮುಂದ ಗೊತ್ತಿರಲಿ, ಅದರ ತಿರುಪು ಉಲ್ಟಾ, ಬಲಕ್ಕ ತಿರುವಿದ್ರ ಬಿಚ್ತದ. ಗೊತ್ತಿಲ್ಲದ ಹುಡುಗ ಜೋರಿನಿಂದ ಎಡಕ್ಕ ತಿರುವಿದ್ರ ತಿರುಪು ಹಾಳಾಗ್ತದ.

ಟಯರ್ ತಗೊಳ್ಳೂ ಮುಂದ ಬರೇ 26 ಇಂಚು ಅಂತ ಕೇಳಬ್ಯಾಡ್ರಿ. ಸಾದಾ ಸೈಕಲ್ಲಿಗೆ ಬರೋ 26 ಇಂಟು 1 3/8 ಟಯರಿನ ಮ್ಯಾಲ 590 ಅಂತ ಬರದಿರ್ತದ, ಎಂಟಿಬಿ ಟಯರಿನ ಮ್ಯಾಲ 559. ಹೆಸರಿಗೆ ಎರಡೂ 26, ಆದ್ರ ಒಂದರ ರಿಮ್ಮಿಗೆ ಇನ್ನೊಂದು ಕೂಡಂಗಿಲ್ಲ. ನಿಮಗ 26 ಇಂಟು 1.95, 559 ಅಂತ ಇರೋದ ಬೇಕು. ಭಾಳ ದಪ್ಪ ಗುಬ್ಬಿ ಇರೋದು ಬ್ಯಾಡ. ನಡುವ ಸಪಾಟ ಇದ್ದು ಅಂಚಿಗೆ ಗುಬ್ಬಿ ಇರೋದು ತಗೋರಿ, ಡಾಂಬರಿನ ಮ್ಯಾಲೂ ಹಗೂರ ಓಡ್ತದ. ಗಾಳಿ ಎಷ್ಟು ಅಂತ ಟಯರಿನ ಮಗ್ಗಲಿಗೆ ಬರದಿರ್ತದ. ಅದರಾಗ ಕೆಳಗಿನ ಲೆಕ್ಕದ ಸಮೀಪ, 40 ಪಿಎಸ್‌ಐ ಸುತ್ತಮುತ್ತ ಇಟ್ರ ತಗ್ಗಿನಾಗ ಕೈಗೆ ಪೆಟ್ಟು ಕಡಿಮಿ ಬೀಳ್ತದ. ಪೆಟ್ರೋಲ್ ಪಂಪಿನಾಗ ಹೊಡಸಿದ್ರ ಹುಡುಗರಿಗೆ ಮೊದಲ ಲೆಕ್ಕ ಹೇಳ್ರಿ.

ಬ್ರೇಕ್ ರಬ್ಬರ್ ನಾಲ್ಕೂ ಹೊಸದು ಹಾಕಸ್ರಿ, ನಿಂತು ನಿಂತು ಕಲ್ಲಾಗಿರ್ತಾವ. ಗಾಲಿ ಬೇರಿಂಗ್ ಬಿಚ್ಚಿ ಹೊಸಾ ಗ್ರೀಸ್ ತುಂಬಬೇಕು, ಮ್ಯಾಲಿಂದ ಎಣ್ಣಿ ಬಿಟ್ಟು ಓವರ್‌ಹಾಲಿಂಗ್ ಆತು ಅಂದ್ರ ಒಪ್ಪಬ್ಯಾಡ್ರಿ, ಎದುರಿಗೆ ನಿಂತು ಮಾಡಸ್ರಿ. ಎರಡು ರವಿವಾರ ಓಡಿಸಿದ ಮ್ಯಾಲ ಎರಡೂ ಕ್ರ್ಯಾಂಕಿನ ಬೋಲ್ಟು ಮತ್ತ ಒಮ್ಮೆ ಬಿಗಿಸ್ರಿ.